ಕನ್ನಡದಲ್ಲಿ ಹೇಳಿದ ಪಾಪ

ಕನ್‌ಫೆಶನ್ ಮಾಡುವುದನ್ನು ಕಾನ್ವೆಂಟಿನ ಸಿಸ್ಟರುಗಳು ನನಗೆ ಏಳನೇ ವಯಸ್ಸಿನಲ್ಲಿ ಇಂಗ್ಲಿಷಿನಲ್ಲಿ ಕಲಿಸಿದ್ದರು. ಸುಳ್ಳು ಹೇಳಿದೆ, ಸಿಟ್ಟು ಮಾಡಿಕೊಂಡೆ, ಪ್ರಾರ್ಥನೆ ತಪ್ಪಿಸಿದೆ. ಅದೇ ಲಿಸ್ಟನ್ನು ಎಪ್ಪತ್ತನಾಲ್ಕನೇ ವಯಸ್ಸಿನವರೆಗೂ ಪ್ರತಿ ವರ್ಷ ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸುಕಾಲದಲ್ಲಿ ಒಪ್ಪಿಸುತ್ತ ಬಂದೆ. ಆ ಇಂಗ್ಲಿಷಿನಲ್ಲಿ ಪಾಪಗಳಿಗೂ ಇಸ್ತ್ರಿ ಹಾಕಿದ ಯೂನಿಫಾರ್ಮಿನ ಗರಿಗರಿ ಇತ್ತು. ಮೂರು ನಮೋ ಮರಿಯ ಜಪ ಹೇಳಿ ಹಗುರಾಗಿ ಮನೆಗೆ ಬರುತ್ತಿದ್ದೆ.

ಈ ಸಲ ಶಿವಾಜಿನಗರದ ನಮ್ಮ ಚರ್ಚಿಗೆ ಹೊಸ ಫಾದರ್ ಬಂದಿದ್ದರು. ನನ್ನ ಮೊಮ್ಮಗನ ವಯಸ್ಸು. ಶುಕ್ರವಾರ ಜಾಲರಿಯ ಈಚೆ ಮೊಣಕಾಲೂರಿ ಲಿಸ್ಟು ಮುಗಿಸಿದೆ. ಆಚೆಯಿಂದ ಫಾದರ್ ಕೇಳಿದರು.

"ಅಮ್ಮಾ, ಮನೇಲಿ ಯಾವ ಭಾಷೆ ಮಾತಾಡ್ತೀರಿ?"

"ಕನ್ನಡ, ಫಾದರ್."

"ಹಾಗಾದ್ರೆ ಇನ್ನೊಂದ್ಸಲ ಕನ್ನಡದಲ್ಲಿ ಹೇಳಿ. ಅವಸರ ಇಲ್ಲ."

ಹಿಂದಿನ ಕ್ಯೂನಲ್ಲಿ ಯಾರೋ ಬೇಕೆಂದೇ ಕೆಮ್ಮಿದರು. "ಸುಳ್ಳು ಹೇಳಿದೆ" ಎಂದೆ. ಮನೆಯ ಮಾತಿನಲ್ಲಿ ಸುಳ್ಳು ಎಂದರೆ ನನಗೆ ನೆನಪಾಗುವುದು ಒಂದೇ.

ನನ್ನ ಅಕ್ಕ ರಸೆಲ್ ಮಾರುಕಟ್ಟೆಯ ಹಣ್ಣಿನ ವ್ಯಾಪಾರಿಯೊಬ್ಬರನ್ನು ಮದುವೆಯಾಗಿ, ಅವರ ಧರ್ಮಕ್ಕೆ ಸೇರಿದವಳು. ಅಪ್ಪ ಹಾಕಿದ ಬಾಗಿಲನ್ನು ಅಪ್ಪ ಹೋದ ಮೇಲೂ ಯಾರೂ ತೆಗೆಯಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ಅಮ್ಮ, "ದೊಡ್ಡೋಳಿಗೆ ಫೋನ್ ಮಾಡೇ" ಎಂದಳು. "ಮಾಡ್ದೆ, ಬರಲ್ಲಂತೆ" ಎಂದೆ. ನಾನು ಮಾಡಿರಲಿಲ್ಲ. ಅಷ್ಟು ವರ್ಷ ಅಮ್ಮನನ್ನು ನೋಡಿಕೊಂಡವಳು ನಾನು. ಕೊನೆಗೆ ಅಕ್ಕ ಬಂದು ಹಾಸಿಗೆಯ ಪಕ್ಕ ಕೂರುವುದು ನನಗೆ ಬೇಕಿರಲಿಲ್ಲ. ಮಣ್ಣಿಗೆ ಬಂದ ಅಕ್ಕ, "ಅಮ್ಮ ನನ್ನ ಕೇಳಿದ್ಲಾ?" ಎಂದಾಗಲೂ ಇಲ್ಲವೆಂದೆ. ಆಮೇಲೆ ನಾವಿಬ್ಬರೂ ಹತ್ತಿರವಾದೆವು. ಕ್ರಿಸ್ಮಸ್ ಕೇಕು ಅತ್ತ, ರಂಜಾನಿನ ಬಿರಿಯಾನಿ ಇತ್ತ. ಹದಿನೆಂಟು ವರ್ಷ.

ಎಲ್ಲವನ್ನೂ ಹೇಳಿದೆ.

"ಅಕ್ಕ ಇದ್ದಾರಾ?"

"ಇದ್ದಾಳೆ ಫಾದರ್. ಇಲ್ಲೇ, ಮಾರ್ಕೆಟ್ ಹಿಂದೆ."

"ಜಪ ಆಮೇಲೆ ಮಾಡಿ. ಮೊದ್ಲು ಅವರ ಹತ್ರ ಹೋಗಿ."

ಹತ್ತು ನಿಮಿಷದ ದಾರಿ. ಹೂವಿನ ಅಂಗಡಿಗಳವರೆಗೆ ಹೋಗಿ ಒಮ್ಮೆ ತಿರುಗಿಯೂ ಬಂದೆ. ಹೇಳಿದರೆ ಈ ವಯಸ್ಸಿನಲ್ಲಿ ನನಗುಳಿದಿರುವ ಒಬ್ಬಳೇ ಅಕ್ಕನೂ ಹೋಗುತ್ತಾಳೆ. ಹೇಳದೆ ಈಸ್ಟರ್ ದಿನ ಯಾವ ಮುಖ ಹೊತ್ತು ಪ್ರಸಾದ ತೆಗೆದುಕೊಳ್ಳಲಿ?

ಕೊನೆಗೂ ಅವಳ ಮಹಡಿ ಮನೆಯ ಮೆಟ್ಟಿಲು ಹತ್ತಿದೆ. ಅಕ್ಕ ನೆಲದ ಮೇಲೆ ಕೂತು ಖರ್ಜೂರದ ಬೀಜ ಬಿಡಿಸುತ್ತಿದ್ದಳು. "ಬಾರೇ. ರೋಜಾ ನಂಗೆ, ಟೀ ಸಿಗಲ್ಲ ನೋಡು."

"ನಂಗೂ ಉಪವಾಸಾನೇ."

"ನೀರು ಕುಡ್ಕೊಂಡು ಉಪವಾಸ! ನಿಮ್ದೆಲ್ಲ ಕನ್ಸೆಶನ್ ಟಿಕೆಟ್ಟು ಕಣೇ."

ನಗಲಾಗಲಿಲ್ಲ. ಕೂತರೆ ಹೇಳಲಾರೆ ಅನ್ನಿಸಿ ನಿಂತೇ ಹೇಳಿಬಿಟ್ಟೆ. ಅವಳ ಕೈ ನಿಂತಿತು. ತಟ್ಟೆಯ ಮೇಲೆ ನೊಣವೊಂದು ಕೂತರೂ ಓಡಿಸಲಿಲ್ಲ.

"ಅಮ್ಮ ಏನಂದ್ಲು? ಅವಳು ಅಂದ ಹಾಗೇ ಹೇಳು."

"'ದೊಡ್ಡೋಳಿಗೆ ಫೋನ್ ಮಾಡೇ' ಅಂದ್ಲು."

"ಇನ್ನೊಂದ್ಸಲ."

ಹೇಳಿದೆ. ಮತ್ತೂ ಕೇಳಿದಳು. ಮೂರನೆಯ ಸಲವೂ ಹೇಳಿದೆ. ಅವಳು ತಲೆ ಎತ್ತಲಿಲ್ಲ.

"ನೀನೀಗ ಹೋಗು."

ಮೆಟ್ಟಿಲಿಳಿಯುವಾಗ ಕಂಬಿ ಗಟ್ಟಿಯಾಗಿ ಹಿಡಿದಿದ್ದೆ. ಅರ್ಧ ಇಳಿದಿದ್ದಾಗ ಮೇಲಿನಿಂದ ದನಿ ಬಂತು.

"ನಾಳೆ ಬಾ. ಆಸ್ಪತ್ರೇದು ಎಲ್ಲಾ ಹೇಳ್ಬೇಕು ನಂಗೆ. ಮೊದಲ್ನೇ ದಿನದಿಂದ. ಒಂದೂ ಬಿಡ್ಬಾರ್ದು."

ಕ್ಷಮಿಸಿದೆ ಎಂದು ಅವಳು ಅನ್ನಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ. ಮಾರನೆಯ ದಿನ ಬೆಳಿಗ್ಗೆಯೇ ಹೋಗಿ ಬಾಗಿಲು ತಟ್ಟಿದೆ.