ತಲೆಕೆಳಗಾಗಿ ನಿಂತ ಆನೆ

ನನಗೆ ಚದುರಂಗ ಕಲಿಸಿದವರು ಹರಿಹರದ ಸಮುದಾಯ ಭವನವೊಂದರಲ್ಲಿ, ಹಾಡುಹಗಲು, ನಲವತ್ತು ಜನರ ಎದುರು ಸುಳ್ಳು ಹೇಳಿದರು. ಜಿಲ್ಲಾ ಆಯ್ಕೆ ಸಮಿತಿಯ ಮೂವರು ಸದಸ್ಯರು ಆ ಸುಳ್ಳನ್ನು ಪ್ರಶ್ನಿಸದೆ ಅದರ ಕೆಳಗೆ ಸಹಿ ಹಾಕಿದರು. ಡ್ರಾ ಆಗಿ ಮುಗಿದಿದ್ದ ಆಟವನ್ನು ನನ್ನ ಸೋಲೆಂದು ಬರೆದುಕೊಂಡು, ರಾಜ್ಯ ಮಟ್ಟದ ಪಂದ್ಯಾವಳಿಗೆ ಜಿಲ್ಲೆಯಿಂದ ಮಹಿಳೆಯರಿಗೆ ಇರುವ ಒಂದೇ ಒಂದು ಸ್ಥಾನವನ್ನು ನನ್ನಿಂದ ಕಿತ್ತುಕೊಂಡರು. ಇದು ನನ್ನ ಆರೋಪ. ಮಾತನ್ನು ಸ್ವಲ್ಪ ಮೆತ್ತಗೆ ಮಾಡು ಎಂದು ಹಲವರು ಸಲಹೆ ಕೊಟ್ಟಿದ್ದಾರೆ. ಅವರು ನಡೆದದ್ದನ್ನು ಮೊದಲು ಓದಲಿ.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಹಲ್ಲಿನ ಆಸ್ಪತ್ರೆಯೊಂದರ ಮೇಲಿನ ಕೋಣೆಯಲ್ಲಿ ಸರ್ ತರಗತಿ ನಡೆಸುತ್ತಿದ್ದರು. ಕೆಳಗೆ ಯಾರದೋ ಹಲ್ಲು ಕೊರೆಯುವ ಸದ್ದು, ಮೇಲೆ ಆರು ಬೋರ್ಡುಗಳ ಸುತ್ತ ನಮ್ಮ ಮೌನ. ಸರಸ್ವತಿ ನಗರದ ಮನೆಯಿಂದ ಸೈಕಲ್ ತುಳಿದುಕೊಂಡು ನಾನು ಅಲ್ಲಿಗೆ ಹೋಗಲು ಶುರು ಮಾಡಿದ್ದು ಎಂಟನೆಯ ತರಗತಿಯಲ್ಲಿ, ಬಿಟ್ಟದ್ದು ಎಂ.ಎ. ಮುಗಿದ ಮೇಲೆ, ಈ ಘಟನೆಯ ನಂತರ. ಕೆ.ಬಿ. ಬಡಾವಣೆಯ ನನ್ನ ಗೆಳತಿ ನಾನು ಸೇರಿದ ವಾರವೇ ಸೇರಿದಳು. ಅಷ್ಟೂ ವರ್ಷ ನಾವಿಬ್ಬರೂ ಒಬ್ಬರ ಎದುರು ಒಬ್ಬರು ಕುಳಿತೇ ಬೆಳೆದೆವು. ಜಿಲ್ಲಾ ಆಯ್ಕೆಯಲ್ಲಿ ಮೂರು ಸಲ ಅವಳು ಮೊದಲು ಬಂದಳು, ನಾನು ಎರಡನೆಯವಳು.

ಪುಸ್ತಕಗಳು ರಾಣಿ ಎನ್ನುವ ಕಾಯಿಯನ್ನು ನಾವು ಮಂತ್ರಿ ಎನ್ನುತ್ತೇವೆ. ನೇರವಾಗಿಯೂ ಓರೆಯಾಗಿಯೂ ಎಷ್ಟು ದೂರ ಬೇಕಾದರೂ ನಡೆಯಬಲ್ಲ ಕಾಯಿ ಅದೊಂದೇ. ಆನೆಗೆ ನೇರ ದಾರಿ ಮಾತ್ರ. ಕಾಲಾಳು ಎದುರಾಳಿಯ ಕೊನೆಯ ಸಾಲನ್ನು ಮುಟ್ಟಿದರೆ ಮಂತ್ರಿಯಾಗುತ್ತದೆ. ಆದರೆ ಸರ್ ತರುತ್ತಿದ್ದ ಅಗ್ಗದ ಡಬ್ಬಿಗಳಲ್ಲಿ ಬಣ್ಣಕ್ಕೊಂದೇ ಮಂತ್ರಿ. ಎರಡನೆಯದು ಬೇಕಾದಾಗ, ಹೊಡೆದು ಪಕ್ಕಕ್ಕಿಟ್ಟ ಆನೆಯನ್ನು ತಲೆಕೆಳಗು ಮಾಡಿ ನಿಲ್ಲಿಸುವುದು ನಮ್ಮ ತರಗತಿಯ ರೂಢಿಯಾಗಿತ್ತು.

"ಆನಿಗೆ ಶೀರ್ಷಾಸನ ಹಾಕ್ಸವ್ವ, ಮಂತ್ರಿ ಆಗ್ತೈತೆ" ಎಂದು ಸರ್ ಮೊದಲ ತಿಂಗಳೇ ಹೇಳಿಕೊಟ್ಟಿದ್ದರು.

"ಬಿದ್ರೆ ಏನ್ ಮಾಡೋದು ಸರ್?" ಎಂದು ಗೆಳತಿ ಕೇಳಿದ್ದಳು.

"ಮಂತ್ರಿ ಅಂದ್ಮ್ಯಾಲೆ ಬೀಳದೇ ಇರ್ತಾನಾ? ಎತ್ತಿ ನಿಲ್ಸು."

ಅಂತರರಾಷ್ಟ್ರೀಯ ನಿಯಮ ಬೇರೆಯೇ ಇದೆ. ತಲೆಕೆಳಗಾದರೂ ಆನೆ ಆನೆಯೇ. ಮಂತ್ರಿ ಬೇಕಾದವರು ಗಡಿಯಾರ ನಿಲ್ಲಿಸಿ ತೀರ್ಪುಗಾರರಿಂದ ಕೇಳಿ ಪಡೆಯಬೇಕು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಸರ್ ಇದನ್ನು ನಮಗೆ ಹೇಳಿರಲಿಲ್ಲ. ನಾವಾಗಿ ಓದಿಕೊಳ್ಳಲೂ ಇಲ್ಲ. ಗುರುಗಳು ಹೇಳಿದ ಮೇಲೆ ಪುಸ್ತಕವೇಕೆ ಎಂದುಕೊಂಡಿದ್ದೆವು. ಆ ಸೋಮಾರಿತನ ನಮ್ಮದು, ಒಪ್ಪುತ್ತೇನೆ.

ಈ ಸಲದ ಆಯ್ಕೆ ಪಂದ್ಯಗಳು ಹರಿಹರದಲ್ಲಿ ನಡೆದವು. ನಾಲ್ಕು ದಿನವೂ ಬೆಳಿಗ್ಗೆ ಸರ್, ಗೆಳತಿ ಮತ್ತು ನಾನು ಒಂದೇ ಬಸ್ಸಿನಲ್ಲಿ ಹೋದೆವು. ಬೋರ್ಡುಗಳ ಚೀಲ ನನ್ನ ತೊಡೆಯ ಮೇಲೆ, ಗಡಿಯಾರಗಳ ಚೀಲ ಅವಳ ತೊಡೆಯ ಮೇಲೆ. ಸಮಿತಿ ಹೊಸ ಕಾಯಿಗಳನ್ನು ಒದಗಿಸಿರಲಿಲ್ಲ. ತರಗತಿಯ ಅದೇ ಡಬ್ಬಿಗಳು ಸಾಕೆಂದು ತೀರ್ಮಾನವಾಗಿತ್ತು. ಸರ್ ಮುಖ್ಯ ತೀರ್ಪುಗಾರರಾಗಿದ್ದರು. ರಾಜ್ಯದಿಂದ ಒಬ್ಬ ವೀಕ್ಷಕರು ಬಂದಿದ್ದರು. ಸರ್‌ಗೆ ಹಿರಿಯ ತೀರ್ಪುಗಾರರ ದರ್ಜೆ ಸಿಗಬೇಕಾದರೆ ಆ ವೀಕ್ಷಕರ ವರದಿ ಚೆನ್ನಾಗಿ ಬರಬೇಕಿತ್ತು. ಬಸ್ಸಿನಲ್ಲಿ ಅವರು ದಿನವೂ ಅದನ್ನೇ ಮಾತಾಡುತ್ತಿದ್ದರು, ಮತ್ತು ಅವರಿಗೆ ಅದು ಸಿಗಲೆಂದು ನಾನು ಮನಸಾರೆ ಹಾರೈಸಿದ್ದೆ.

ಕೊನೆಯ ಸುತ್ತಿಗೆ ಬಂದಾಗ ನಾನು ಗೆಳತಿಗಿಂತ ಅರ್ಧ ಅಂಕ ಮುಂದಿದ್ದೆ. ಅವಳೊಂದಿಗೆ ಡ್ರಾ ಮಾಡಿಕೊಂಡರೆ ಸಾಕು, ಸ್ಥಾನ ನನ್ನದು. ಎಚ್ಚರದಿಂದ ಆಡಬೇಕಾದ ಕಡೆ ಹೆದರಿ ಆಡಿದೆ. ಮೂವತ್ತೈದು ನಡೆಗಳ ಹೊತ್ತಿಗೆ ಬೋರ್ಡು ಹೆಚ್ಚುಕಡಿಮೆ ಖಾಲಿಯಾಗಿತ್ತು, ಅವಳ ಕಾಲಾಳೊಂದು ತಡೆಯಿಲ್ಲದೆ ಕೊನೆಯ ಸಾಲಿಗೆ ಬಂದು ನಿಂತಿತ್ತು. ಅವಳ ನಿಜವಾದ ಮಂತ್ರಿ ಇನ್ನೂ ಬೋರ್ಡಿನ ಮೇಲೆಯೇ ಇತ್ತು. ಎರಡನೆಯದಕ್ಕಾಗಿ ಅವಳು ಅತ್ತಿತ್ತ ನೋಡಿದಳು.

ಸರ್ ನನ್ನ ಹೆಗಲ ಪಕ್ಕದಲ್ಲೇ ನಿಂತಿದ್ದರು. ಅವಳು ಕಣ್ಣೆತ್ತಿ ಅವರನ್ನು ನೋಡಿದಳು. ಅವರು ಅಂಗೈಯನ್ನು ಮಗುಚಿ ತೋರಿಸಿದರು. ಅಷ್ಟೇ ಸನ್ನೆ. ಅವಳು ಆನೆಯನ್ನು ತಲೆಕೆಳಗು ಮಾಡಿ ಇಟ್ಟಳು, ನಾನು ತಲೆಯಾಡಿಸಿದೆ. ಮೂವರಿಗೂ ಅದು ಮಂತ್ರಿಯೆಂಬುದರಲ್ಲಿ ಅನುಮಾನವಿರಲಿಲ್ಲ.

ಉಳಿದ ಕಾಲಾಳುಗಳೂ ಬೇಗ ಬಿದ್ದವು. ನನ್ನ ಬಳಿ ಒಬ್ಬ ರಾಜ, ಒಬ್ಬ ಮಂತ್ರಿ. ಅವಳ ಬಳಿ ಒಬ್ಬ ರಾಜ, ಇಬ್ಬರು ಮಂತ್ರಿಗಳು. ಒಂದು ಮಂತ್ರಿ ಕಡಿಮೆಯಿದ್ದವರು ಎದ್ದು ಕೈ ಕುಲುಕುವುದು ವಾಡಿಕೆ. ನಾನು ಏಳಲಿಲ್ಲ. ಅವಳ ರಾಜನಿಗೆ ಮೇಲಿಂದ ಮೇಲೆ ಚೆಕ್ ಕೊಟ್ಟೆ, ಇಪ್ಪತ್ತು ನಡೆ. ಅವಳ ರಾಜ ಮನೆಯಿಂದ ಮನೆಗೆ ಓಡಿ ಕೊನೆಗೆ ಮೂಲೆ ಸೇರಿತು. ತಲೆಕೆಳಗಾದ ಆನೆ ನಡುನಡುವೆ ಓರೆಯಾಗಿ ಅಡ್ಡ ಬಂದು, ಕೊನೆಗೆ ಅದರ ಹತ್ತಿರ ಕಾವಲು ನಿಂತಿತು. ನನ್ನ ರಾಜ ಎದುರು ಮೂಲೆಯಲ್ಲಿತ್ತು. ನನಗೆ ಉಳಿದಿದ್ದ ದಾರಿ ಒಂದೇ, ಸ್ಟೇಲ್‌ಮೇಟ್: ರಾಜನಿಗೆ ಚೆಕ್ ಇಲ್ಲ, ಆದರೆ ನಡೆಯಲು ಒಂದು ಮನೆಯೂ ಇಲ್ಲ ಎಂಬ ಸ್ಥಿತಿ ಬಂದರೆ ಆಟ ಅಲ್ಲಿಗೇ ಡ್ರಾ. ಆದರೆ ನನ್ನ ಮಂತ್ರಿ ಬದುಕಿರುವವರೆಗೆ ಅದಕ್ಕೆ ನಡೆ ಇದ್ದೇ ಇರುತ್ತದೆ. ಅದನ್ನು ಹೇಗಾದರೂ ಸಾಯಿಸಿಕೊಳ್ಳಬೇಕಿತ್ತು.

ನನಗೆ ಚೆಕ್ ಸಿಗದ ನಡೆಯೊಂದು ಬಂತು. ಗೆಳತಿಗೆ ಬೇಸರ ಬಂದಿತ್ತು. ಕಾವಲಿಗಿದ್ದ ಆ ತಲೆಕೆಳಗಿನ ಕಾಯಿಯನ್ನು ಓರೆಯಾಗಿ ನಾಲ್ಕು ಮನೆ ಜಾರಿಸಿ ನನ್ನ ರಾಜನ ಸಮೀಪ ತಂದಿಟ್ಟಳು. ಮುಂದಿನ ನಡೆಗೆ ಮೇಟ್.

"ಮುಗೀತಲೇ. ಏಳಿನ್ನ, ಮಂಡಕ್ಕಿ ತಿನ್ನಾಕ ಹೋಗಣ" ಎಂದು ಪಿಸುಗುಟ್ಟಿದಳು.

ಅವಳ ಆ ಕಾಯಿ ನನ್ನ ರಾಜನ ಸುತ್ತಲಿನ ಮೂರು ಮನೆಗಳನ್ನೂ ಕಟ್ಟಿಹಾಕಿತ್ತು: ಎರಡು ನೇರ ಸಾಲಿನಲ್ಲಿ, ಒಂದು ಓರೆಯಲ್ಲಿ. ಅತ್ತ ಅವಳ ರಾಜನ ಬಳಿ ಕಾವಲಿರಲಿಲ್ಲ. ನಾನು ನನ್ನ ಮಂತ್ರಿಯನ್ನು ಒಯ್ದು, ಯಾವ ಬೆಂಬಲವೂ ಇಲ್ಲದಂತೆ, ಅವಳ ರಾಜನ ಮೂತಿಗೆ ತಾಗುವ ಹಾಗೆ ಇಟ್ಟೆ. ಚೆಕ್. ತಪ್ಪಿಸಿಕೊಳ್ಳಲು ಮನೆಯಿಲ್ಲ, ಹೊಡೆಯದೆ ವಿಧಿಯಿಲ್ಲ. ಅವಳು ಹೊಡೆದಳು: ಸ್ಟೇಲ್‌ಮೇಟ್. ಬೆರಳು ತೆಗೆಯುವ ಮುಂಚೆಯೇ ಅವಳ ಮುಖ ಬದಲಾಯಿತು.

"ಅಯ್ಯ ನಿನ್ನ! ಅಷ್ಟೊತ್ತಿಂದ ಇದನ್ನೇ ಹೊಂಚಾಕ್ತಿದ್ದೇನಲೇ ಕಳ್ಳಿ?"

ನಕ್ಕಳು. ನಿಜವಾಗಿಯೂ ನಕ್ಕಳು. ಕೈ ಕೊಟ್ಟಳು. ಇಬ್ಬರೂ ನಡೆಗಳ ಹಾಳೆಯಲ್ಲಿ 'ಡ್ರಾ' ಎಂದು ಬರೆದು ಸಹಿ ಮಾಡಿದೆವು. ಸರ್ ನನ್ನ ಬೆನ್ನು ತಟ್ಟಿ, "ಭಲೇ ಹುಡುಗಿ! ಸೋಮವಾರ ಕ್ಲಾಸ್‌ನಾಗೆ ಇದನ್ನೇ ತೋರಿಸ್ತೀನಿ" ಎಂದರು. ಆ ಬೆನ್ನು ತಟ್ಟಿದ ಕೈ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅರ್ಧ ಗಂಟೆಯ ನಂತರ ಒಳಗಿನಿಂದ ಕರೆ ಬಂತು. ಆಟ ನೋಡಲು ಬಂದಿದ್ದ ಗೆಳತಿಯ ಚಿಕ್ಕಪ್ಪ ಮೊಬೈಲಿನಲ್ಲಿ ನಿಯಮ ಹುಡುಕಿ ತೆಗೆದು ಸಮಿತಿಯ ಮೇಜಿನ ಮೇಲೆ ಇಟ್ಟಿದ್ದರು.

"ಇದು ಆನಿ ರೀ. ನೋಡ್ರಿ, ಇಲ್ಲೇ ಬರ್ದೈತೆ. ಆನಿ ಅಂದ್ಮ್ಯಾಲೆ ಓರೆ ಮನಿ ಕಾಯಂಗಿಲ್ಲ. ಈ ಹುಡುಗಿ ರಾಜಗೆ ಒಂದು ಮನಿ ಐತೆ. ಆಟ ಮುಗ್ದಿಲ್ಲ, ಮುಂದುವರಿಸ್ರಿ."

"ಆನಿ ಆಗಿದ್ರೆ ಓರೆಯಾಗಿ ನಾಲ್ಕು ಮನಿ ದಾಟಿ ಅಲ್ಲಿಗೆ ಬಂದಿದ್ದು ಹೆಂಗ್ರಿ? ಹಾರ್ಕೊಂಡು ಬಂತಾ?" ಎಂದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಸಮಿತಿಯ ಅಧ್ಯಕ್ಷರು ನಗಲಿಲ್ಲ. ವೀಕ್ಷಕರ ಕಡೆ ಒಮ್ಮೆ ನೋಡಿ, ಸರ್ ಕಡೆ ತಿರುಗಿದರು. "ನೀವು ಅಲ್ಲೇ ಇದ್ರಲ್ರೀ? ಆನಿ ಉಲ್ಟಾ ಇಟ್ಟಾಗ ಯಾಕ ತಡೀಲಿಲ್ಲ?"

ಕೇಳಬೇಕಾದ ಪ್ರಶ್ನೆಯೇ. ನನಗೆ ಸಮಾಧಾನವಾಯಿತು. ಸರ್ ಹೇಳುತ್ತಾರೆ, ನಾನೇ ಸನ್ನೆ ಮಾಡಿದೆ, ತಪ್ಪು ನನ್ನದು ಎನ್ನುತ್ತಾರೆ, ಇದು ಮುಗಿಯುತ್ತದೆ.

"ನಾನು ಆ ಕಡೆ ಬೋರ್ಡ್ ನೋಡ್ತಿದ್ದೆ ಸರ್. ಗಮನಿಸಿಲ್ಲ. ಹುಡುಗ್ರು ತಮ್ತಮ್ಮಲ್ಲೇ ಏನೋ ಮಾಡ್ಕೊಂಡಾರೆ" ಎಂದರು ನಮ್ಮ ಸರ್.

ನಾನು ಗೆಳತಿಯನ್ನು ನೋಡಿದೆ. ಅಧ್ಯಕ್ಷರು ಅವಳನ್ನೂ ಕೇಳಿದರು, ನೀನು ಅದನ್ನು ಏನೆಂದು ಇಟ್ಟೆ ಎಂದು. ಅವಳು ಚಿಕ್ಕಪ್ಪನ ಬೂಟುಗಳನ್ನು ನೋಡುತ್ತಾ, "ಸರ್ ಹೆಂಗ್ ಹೇಳ್ತಾರೋ ಹಂಗೆ" ಎಂದಳು.

ತೀರ್ಪು ಐದು ನಿಮಿಷದಲ್ಲಿ ಬಂತು. ಅದು ಆನೆ. ಆಟ ಅದೇ ಸ್ಥಿತಿಯಿಂದ ಮುಂದುವರಿಯಬೇಕು. ಒಂಟಿ ರಾಜನೊಡನೆ ನಾನು ಒಂದು ಮಂತ್ರಿ ಮತ್ತು ಒಂದು ಆನೆಯ ಎದುರು ಆಡಬೇಕು. ಅದು ಆನೆಯೇ ಆಗಿದ್ದರೆ ಇಪ್ಪತ್ತು ನಡೆಗಳುದ್ದಕ್ಕೂ ಅದು ಓರೆಯಾಗಿ ನಡೆದದ್ದೆಲ್ಲ ಅಕ್ರಮವೇ, ಅಲ್ಲಿಗೇ ಹಿಂದಕ್ಕೆ ಹೋಗಿ ಎಂದೆ. ಗಡಿಯಾರ ಒತ್ತಿದರು. ನಾನು ಕುರ್ಚಿಯಲ್ಲಿ ಕೂರಲಿಲ್ಲ. ನನಗೆ ಉಳಿದಿದ್ದ ಹನ್ನೊಂದು ನಿಮಿಷಗಳು ನಾನು ನಿಂತಿರುವಾಗಲೇ ಮುಗಿದವು. ಸೋಲು ಎಂದು ಬರೆದರು.

ಅವಳ ಅರ್ಧ ಅಂಕವನ್ನು ನಾನು ಕ್ಷಮಿಸಬಲ್ಲೆ. ಚಿಕ್ಕಪ್ಪ ಚಿಕ್ಕಪ್ಪನ ಕೆಲಸ ಮಾಡಿದರು. ಆದರೆ ನನ್ನ ಹೆಗಲ ಪಕ್ಕದಲ್ಲಿ ಮಗುಚಿದ ಆ ಅಂಗೈ? ಮರುದಿನ ತರಗತಿಯ ಮೆಟ್ಟಿಲ ಬಳಿ ಸರ್ ಒಬ್ಬರೇ ಸಿಕ್ಕರು.

"ನೀವು ನೋಡಿಲ್ವಾ ಸರ್?" ಎಂದು ಕೇಳಿದೆ.

ಬೀಗದ ಕೈ ತಿರುಗಿಸುತ್ತಾ ಹೇಳಿದರು: "ನೋಡಿದೆ ಅಂದಿದ್ರೆ ವೀಕ್ಷಕ್ರು ಅಲ್ಲೇ ಬರ್ಕೋತಿದ್ರವ್ವ, ಇವ್ನಿಗೆ ನಿಯಮನೇ ಗೊತ್ತಿಲ್ಲ ಅಂತ. ನಿಂಗೆ ಮುಂದಿನ ವರ್ಷ ಐತೆ. ನಂಗೆ ಐವತ್ತೆಂಟು."

ಅವರಿಗೆ ದರ್ಜೆ ಸಿಕ್ಕಿತು. ನನ್ನ ಅಮ್ಮ, "ಗುರುಗಳ ಮ್ಯಾಲೆ ಬರೀಬ್ಯಾಡವ್ವ, ಕಲಿಸಿದೋರು" ಎಂದಳು. ಕಲಿಸಿದವರೆಂದೇ ಬರೆಯುತ್ತಿದ್ದೇನೆ. ಗೊತ್ತಿಲ್ಲದವರು ಹೇಳಿದ ಸುಳ್ಳಾಗಿದ್ದರೆ ನಾನು ಆ ಮಧ್ಯಾಹ್ನವೇ ಬಸ್ಸು ಹತ್ತಿ ಮರೆತುಬಿಡುತ್ತಿದ್ದೆ. ಸಮಿತಿಗೆ ಎರಡು ಪತ್ರ ಬರೆದೆ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದನ್ನು ಕೈಯಾರೆ ಕೊಡಲು ಹೋದಾಗ, "ಆಟ ಅಂದ್ಮ್ಯಾಲೆ ಸೋಲು ಗೆಲುವು ಇರ್ತಾವವ್ವ" ಎಂದು ಅಧ್ಯಕ್ಷರು ಚಹಾ ತರಿಸಿ ಕೊಟ್ಟರು. ಚಹಾ ಕುಡಿಯದೆ ಬಂದೆ.

ಆದ್ದರಿಂದ ಆಯ್ಕೆ ಸಮಿತಿಯ ಅಧ್ಯಕ್ಷರಲ್ಲಿ ಮತ್ತು ಸದಸ್ಯರಲ್ಲಿ ಈ ಮೂಲಕ ನನ್ನ ವಿನಂತಿ. ಇಬ್ಬರು ಆಟಗಾರ್ತಿಯರೂ ಸಹಿ ಮಾಡಿದ ಫಲಿತಾಂಶವನ್ನು ಯಾವ ನಿಯಮದ ಆಧಾರದ ಮೇಲೆ ಮತ್ತೆ ತೆರೆದಿರಿ, ಅದೇ ಕಾಯಿಯ ಓರೆ ನಡೆಗಳನ್ನು ಯಾವ ನಿಯಮದ ಆಧಾರದ ಮೇಲೆ ಹಾಗೇ ಬಿಟ್ಟಿರಿ ಎಂಬುದನ್ನು ಹದಿನೈದು ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ಮುಖ್ಯ ತೀರ್ಪುಗಾರರು ತಾವು ಕಂಡದ್ದನ್ನೂ ಮಾಡಿದ ಸನ್ನೆಯನ್ನೂ ತಮ್ಮ ಕೈಬರಹದಲ್ಲಿ ಹೇಳಿಕೆಯಾಗಿ ಕೊಡಬೇಕು. ಆ ಹೇಳಿಕೆ ವೀಕ್ಷಕರಿಗೂ ತಲುಪಬೇಕು. ರಾಜ್ಯ ಪಂದ್ಯಾವಳಿ ಆರಂಭವಾಗುವ ಮೊದಲು ಆ ಆಟವನ್ನು ಡ್ರಾ ಎಂದು ತಿದ್ದಿ, ಜಿಲ್ಲೆಯ ಪಟ್ಟಿಯಲ್ಲಿ ನನ್ನ ಹೆಸರನ್ನು ಸೇರಿಸಿ ಕಳುಹಿಸಬೇಕೆಂದು ಕೋರುತ್ತೇನೆ.