ಹೇಳಿ ಹೋಗುವವನು

ಹೊಸಪೇಟೆ ಸ್ಟೇಷನ್ನಿನಿಂದ ನನ್ನನ್ನು ಹಂಪಿಗೂ ಕಂಪ್ಲಿ ಕೋಟೆಗೂ ಕರೆದೊಯ್ಯುತ್ತಿದ್ದ ಎತ್ತಿನ ಗಾಡಿಯವನಿಗೆ ಒಂದು ರೂಢಿಯಿತ್ತು. ಪಾಳು ಗುಡಿಯಾಗಲಿ, ಬಾಗಿಲಿಲ್ಲದ ಕೋಟೆಯಾಗಲಿ, ಚಪ್ಪಲಿ ಕಳಚಿ ಹೊಸ್ತಿಲಲ್ಲಿ ನಿಂತು, ‘ಒಳಗ ಬರ್ತೀವ್ರಿ’ ಎಂದು ಕೂಗುತ್ತಿದ್ದ. ಹೊರಡುವಾಗ ತಿರುಗಿ ನಿಂತು, ‘ಹೋಗಿ ಬರ್ತೀವ್ರಿ’ ಎನ್ನುತ್ತಿದ್ದ.

‘ಒಳಗ ಬಾವಲಿ ಬಿಟ್ರ ಯಾರದಾರಪಾ?’ ಎಂದು ನಾನು ನಗುತ್ತಿದ್ದೆ. ಚರಿತ್ರೆ ಕಲಿಸುವ ಮೇಷ್ಟರೆಂಬ ಜಂಬ ನನಗೆ.

‘ಯಾರದೋ ಮನಿ ಅಲ್ಲೇನ್ರಿ, ಮಾಸ್ತರ?’ ಎನ್ನುತ್ತಿದ್ದ, ಅಷ್ಟೆ.

ಕೊನೆಯ ಸಲ ಹೋದದ್ದು ಹಂಪಿಯ ಒಂದು ಗುಹೆಯ ಗುಡಿಗೆ. ಅವನು ಎತ್ತುಗಳಿಗೆ ನೀರು ಕುಡಿಸಲು ಹೋದಾಗ, ಉರುಳಿಬಿದ್ದ ವಿಗ್ರಹದ ಮುರಿದ ಕೈಯನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಚೀಲವನ್ನು ಗಾಡಿಗೆ ಎತ್ತಿಟ್ಟವನು ಅವನೇ. ಅದರ ಭಾರಕ್ಕೆ ಒಂದು ಕ್ಷಣ ನಿಂತ. ಗುಡಿಯ ಕಡೆ ತಿರುಗದೆಯೇ ಗಾಡಿ ಹೊಡೆದ.

ಕಡ್ಡಿರಾಂಪುರ ದಾಟಿದ ಮೇಲೆ ನನಗೇ ತಡೆಯಲಾಗಲಿಲ್ಲ. ‘ಯಾಕಪಾ, ಇವತ್ತು ಹೋಗಿ ಬರ್ತೀವಿ ಅನ್ಲಿಲ್ಲ?’

ಅವನು ಹಿಂತಿರುಗಿ ನೋಡಲಿಲ್ಲ. ‘ಕದ್ದು ಹೋಗೋರು ಹೇಳಿ ಹೋಗ್ತಾರೇನ್ರಿ?’

ಗಾಡಿ ತಿರುಗಿಸು ಎಂಬ ಒಂದು ಮಾತು ಸಾಕಿತ್ತು. ನಾನು ಬಾಯಿ ಬಿಡಲಿಲ್ಲ. ಸ್ಟೇಷನ್ ಬಂದಾಗ ಚೀಲವನ್ನು ಎದೆಗೆ ಅವುಚಿಕೊಂಡು ಇಳಿದೆ, ಅವನಿಗೂ ಹೇಳದೆ ಹೊರಟುಹೋದೆ.