ಬೆನ್ನ ಹಿಂದಿನ ಕರೆ

ನಮ್ಮ ಅಡುಗೆಮನೆಯ ಮಿಕ್ಸರ್ ಸೌಮ್ಯ ಸ್ವಭಾವದ್ದಲ್ಲ. ಗುಂಡಿ ತಿರುಗಿಸಿದ ಕೂಡಲೇ ಮೊದಲು ಕೆಮ್ಮುತ್ತದೆ, ಆಮೇಲೆ ಗೊಣಗುತ್ತದೆ, ಕೊನೆಗೆ ಓಣಿಗೆಲ್ಲ ಕೇಳುವಂತೆ ಜಗಳಕ್ಕೆ ನಿಲ್ಲುತ್ತದೆ. ಇಷ್ಟೆಲ್ಲ ರಂಪ ಮಾಡಿಯೂ ಶೇಂಗಾ ಹಿಂಡಿಯನ್ನು, ಎಂದರೆ ನಮ್ಮ ಕಡೆಯ ಶೇಂಗಾ ಚಟ್ನಿಪುಡಿಯನ್ನು, ಮಾತ್ರ ನಾಲಿಗೆಗೆ ತುಸು ತರಿತರಿಯಾಗಿ ಸಿಗಬೇಕಾದ ಹದಕ್ಕೆ ತಂದೇ ಬಿಡುತ್ತದೆ. ಅದರ ಹೊಟ್ಟೆಯ ಮೇಲೆ ಅರ್ಧ ಸುಲಿದ ಒಂದು ಚೀಟಿ ಅಂಟಿಕೊಂಡಿದೆ. ಸಿಂದಗಿ ಬಜಾರಿನ ರಾಜೇಸಾಬಣ್ಣನವರ ಅಂಗಡಿಯ ಹೆಸರು ಅದು. ಎಣ್ಣೆಗೈ ತಾಗಿ ಅರ್ಧ ಅಳಿಸಿದೆ, ಉಳಿದರ್ಧಕ್ಕೆ ಒದ್ದೆ ಬಟ್ಟೆ ಸೋಕದಂತೆ ನಾನು ನೋಡಿಕೊಳ್ಳುತ್ತೇನೆ. ಟಿ.ವಿ., ಫ್ರಿಜ್ಜು, ಕೂಲರು ಎಂದು ಇಡೀ ಊರಿಗೆ ವಿದ್ಯುತ್ತಿನ ಸಾಮಾನು ಹಂಚಿದ ಆ ಅಂಗಡಿ ಈಗಿಲ್ಲ.

ಯಾಕೆ ಮುಚ್ಚಿತು ಎಂದು ಊರಲ್ಲಿ ಯಾರನ್ನೇ ಕೇಳಿ, ಉತ್ತರ ತುದಿನಾಲಿಗೆಯಲ್ಲಿರುತ್ತದೆ. ಈಗ ಎಲ್ಲರೂ ಮೊಬೈಲಿನಲ್ಲೇ ಕೊಳ್ಳುತ್ತಾರೆ ಎನ್ನುತ್ತಾರೆ. ವಿಜಯಪುರದ ದೊಡ್ಡ ಮಳಿಗೆಗಳ ಕಂತಿನ ಆಸೆಗೆ ಜನ ಬಿದ್ದರು ಎನ್ನುತ್ತಾರೆ. ಇದು ಸುಳ್ಳಲ್ಲ, ನಮ್ಮ ಮನೆಯ ಬಾಗಿಲಿಗೂ ಕಂದು ಡಬ್ಬಿಗಳು ಬರುತ್ತವೆ. ಆದರೆ ಊರಿನವರಿಗೆ ಇಲ್ಲದ ಒಂದು ಸೌಕರ್ಯ ನನಗಿತ್ತು, ಅದನ್ನು ಸೌಕರ್ಯವೆನ್ನಬೇಕೋ ಶಿಕ್ಷೆಯೆನ್ನಬೇಕೋ ತಿಳಿಯದು. ನಮ್ಮ ಮನೆಯ ಮೇಲಂತಸ್ತಿನ ಕಿಟಕಿ ಆ ಅಂಗಡಿಗೆ ನೇರ ಎದುರು. ಶಾಲೆಗೆ ಬೇಸಿಗೆ ರಜೆ ಬಿಟ್ಟಾಗ ನನ್ನಂಥ ಶಿಕ್ಷಕಿಗೆ ಕಿಟಕಿಗಿಂತ ದೊಡ್ಡ ಸಿನಿಮಾ ಇನ್ನಾವುದಿದೆ, ಹೇಳಿ.

ಮೊದಲಿನ ಅಂಗಡಿಯನ್ನು ನೀವು ನೋಡಬೇಕಿತ್ತು. ಬಾಗಿಲೆಂಬುದೇ ಇಲ್ಲ, ಶಟರ್ ಎತ್ತಿದರೆ ಅಂಗಡಿ, ಇಳಿಸಿದರೆ ಗೋಡೆ. ಮುಂದೆ ಕಲ್ಲಿನ ಕಟ್ಟೆ. ತಾಂಬಾದಿಂದ, ಆಲಮೇಲದಿಂದ ಬಂದವರು ಬಸ್ಸಿನ ದಣಿವನ್ನು ಆ ಕಟ್ಟೆಯ ಮೇಲೆ ಇಳಿಸಿ, ಚಹಾ ಕುಡಿದು, ಊರ ಸುದ್ದಿ ಮುಗಿಸಿ, ಆಮೇಲೆ ನಿಧಾನಕ್ಕೆ ಫ್ಯಾನಿನ ಮಾತೆತ್ತುತ್ತಿದ್ದರು. ಈ ಮಿಕ್ಸರ್ ಕೊಂಡದ್ದು ನಮ್ಮ ಅತ್ತೆ. ಸೊಲ್ಲಾಪುರದ ಕಡೆಯ ಹೆಣ್ಣುಮಗಳು; ದೇವರಿಗೂ ಸಿಟ್ಟಿಗೂ ಮರಾಠಿ, ಚೌಕಾಸಿಗೆ ಮಾತ್ರ ಕನ್ನಡ. ಹುರಿದ ಶೇಂಗಾವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಿ, ಅಂಗಡಿಯಲ್ಲೇ ಪುಡಿ ಮಾಡಿಸಿ, ಕಟ್ಟೆಯ ಮೇಲಿದ್ದವರಿಗೆಲ್ಲ ಒಂದೊಂದು ಚಿಟಿಕೆ ಕೊಟ್ಟು ರುಚಿ ಕೇಳಿ, ಎಲ್ಲರೂ ಬೇಷ್ ಎಂದ ಮೇಲೆ ಬೆಲೆ ಕೇಳಿದರು. ಬೆಲೆ ಕೇಳಿ, ಹಾವು ತುಳಿದವರಂತೆ ಎದ್ದು ನಿಂತರು.

"ಬ್ಯಾಡ್ರಿ, ನಿಮ್ಮ ಮಿಕ್ಸರ್ ನಿಮ್ಮ ಹಂತ್ಯಾಕ ಇರಲಿ. ನಮ್ಮ ಮನ್ಯಾಗ ಒಳಕಲ್ಲು ಐತಿ," ಎಂದು ಹೊರಟೇ ಬಿಟ್ಟರು.

ಇಲ್ಲಿಂದ ಮುಂದಿನದು ನಮ್ಮ ಕಡೆಯ ಒಂದು ಶಾಸ್ತ್ರ. ಎದ್ದು ಹೋಗುವವರು ನಿಜಕ್ಕೂ ಹೋಗುತ್ತಿರುವುದಿಲ್ಲ. ಹೆಜ್ಜೆ ನಿಧಾನ, ಬೆನ್ನು ನೆಟ್ಟಗೆ, ಮುಖ ಮುಂದಕ್ಕೆ, ಕಿವಿ ಮಾತ್ರ ಹಿಂದಕ್ಕೆ. ತಿರುಗಿ ನೋಡಿದರೆ ಮರ್ಯಾದೆ ಹೋಯಿತು. ಬಳೆಗಾರನ ಅಂಗಡಿ ದಾಟುವುದರೊಳಗೆ ಹಿಂದಿನಿಂದ ಕರೆ ಬರಬೇಕು. ಬರದಿದ್ದರೆ ಚಪ್ಪಲಿಗೆ ಮುಳ್ಳು ಚುಚ್ಚಿದೆಯೆಂದು ನಿಂತು ಅಂಗಾಲು ನೋಡಿಕೊಳ್ಳಬೇಕು. ಅತ್ತೆ ಆ ದಿನ ಎದುರಿಗೇ ಇದ್ದ ನಮ್ಮ ಮನೆಯನ್ನೂ ಬಿಟ್ಟು ಮುಂದೆ ನಡೆದು, ಬಳೆಗಾರನ ಅಂಗಡಿಯಾಚೆಯ ಬೇವಿನ ಮರದ ಕೆಳಗೆ ನಿಂತು, ಇಲ್ಲದ ಮುಳ್ಳನ್ನು ಬಹಳ ಹೊತ್ತು ಹುಡುಕಿದರು. ರಾಜೇಸಾಬಣ್ಣನವರು ಬೇರೆ ಗಿರಾಕಿಗೆ ರೇಡಿಯೊ ಕಟ್ಟಿಕೊಡುವುದರಲ್ಲಿ ಮೈಮರೆತಿದ್ದರು. ನೆನಪಾದಾಗ ಅವರು ಓಡಿ ಬಂದದ್ದು ಬರಿಗಾಲಲ್ಲಿ, ತಲೆಯ ಮೇಲಿನ ಟೋಪಿಯನ್ನು ಒಂದು ಕೈಯಿಂದ ಹಿಡಿದುಕೊಂಡು.

"ಬಾಯಾರ, ಬರ್ರಿ ಬರ್ರಿ. ಹಿಂಗ ಸಿಟ್ಟಾಗಿ ಹ್ವಾದ್ರ ಹ್ಯಾಂಗ? ನಿಮ್ಮ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ, ನಡುವಿನ ಮಾತು ಆಡೂಣು."

ಕಡಿಮೆಯಾದ ಬೆಲೆ ಎಷ್ಟೆಂದು ಅತ್ತೆ ಆಮೇಲೆ ಯಾರಿಗೂ ಹೇಳಿದ್ದನ್ನು ನಾನು ಕೇಳಲಿಲ್ಲ. ಅವರು ಸಾಯುವವರೆಗೂ ಹೇಳಿದ್ದು ಒಂದೇ ಮಾತು, 'ಬೇವಿನ ಗಿಡದ ತನಕಾ ಬಂದು ಕರಕೊಂಡು ಹ್ವಾದಾ ಅಂವಾ' ಎಂದು. ಹುಟ್ಟಿದ ಮನೆಯಲ್ಲಾಗಲಿ ಸೇರಿದ ಮನೆಯಲ್ಲಾಗಲಿ ಅವರ ಹಿಂದೆ ಯಾರೂ ಹಾಗೆ ಓಡಿ ಬಂದಿರಲಿಲ್ಲವೆಂದು ಕಾಣುತ್ತದೆ.

ಈ ಶಾಸ್ತ್ರ ಬಜಾರಿಗೆ ಮಾತ್ರ ಸೀಮಿತವೆಂದು ತಿಳಿಯಬೇಡಿ. ಮದುವೆಯಾದ ಹೊಸತರಲ್ಲಿ ನಾನೂ ಒಮ್ಮೆ ಚೀಲ ಹಿಡಿದು ಇಂಡಿಯ ತವರಿಗೆ ಹೊರಟವಳು. ಮೂರು ಬಸ್ಸು ಬಿಟ್ಟೆ, ಪ್ರತಿ ಬಸ್ಸಿಗೂ ಒಂದು ಕುಂಟು ನೆಪ. ಯಜಮಾನರು ಬಂದು, ಬಾ ಅನ್ನಲಿಲ್ಲ, ಚೀಲವನ್ನಷ್ಟೇ ಕೈಗೆ ತೆಗೆದುಕೊಂಡು ನಡೆದರು, ನಾನು ಹಿಂದೆ ನಡೆದೆ. ತರಗತಿಯಿಂದ ಮುನಿಸಿಕೊಂಡು ಹೊರಹೋಗುವ ಹುಡುಗಿ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾಳೆ. ಆ ಗಳಿಗೆಯಲ್ಲಿ ಕರೆದರೆ ಬಂದಳು, ಇಲ್ಲದಿದ್ದರೆ ಆ ದಿನಕ್ಕೆ ಹೋದಳು. ಮನುಷ್ಯರು ಬೆನ್ನು ತೋರಿಸುವುದು ಬಹಳ ಸಲ ಒಂದು ಪ್ರಶ್ನೆ ಕೇಳುವುದಕ್ಕೆ. ನಾನು ಹೋದರೆ ನಿನಗೇನಾದರೂ ಅನ್ನಿಸುತ್ತದೆಯೇ ಎಂಬ ಆ ಪ್ರಶ್ನೆಯನ್ನು ಎದುರು ನಿಂತು ಕೇಳಲು ನಾಚಿಕೆ.

ಹೀಗಿರುವಾಗ ರಾಜೇಸಾಬಣ್ಣನವರಿಗೆ ಶೋರೂಮಿನ ಕನಸು ಬಿತ್ತು. ಕನಸಲ್ಲಿ ತಪ್ಪೇನಿದೆ? ಕಟ್ಟೆ ಒಡೆಸಿದರು, ನೆಲಕ್ಕೆ ಹೊಳೆಯುವ ಫರಸಿ ಹಾಕಿಸಿದರು, ಏಸಿ ಕೂರಿಸಿದರು, ಮುಂದೆ ಆಳೆತ್ತರದ ಗಾಜಿನ ಬಾಗಿಲು. ತಳ್ಳಿದರೆ ತೆರೆಯುತ್ತದೆ, ಬಿಟ್ಟರೆ ತಾನಾಗಿ ಮುಚ್ಚುತ್ತದೆ. ಕಂಪನಿಯ ಮನುಷ್ಯ ಬಂದು ಹೇಳಿದನೆಂದು 'ಒಂದೇ ಬೆಲೆ' ಎಂಬ ಬೋರ್ಡು ನೇತುಹಾಕಿದರು. ಮಗಳು ಶಾಹೀನ್ ಡಿಗ್ರಿ ಮುಗಿಸಿ ಕೌಂಟರಿನಲ್ಲಿ ಕುಳಿತಳು. ನನ್ನ ಹಳೆಯ ವಿದ್ಯಾರ್ಥಿನಿ. ಯಾವ ಫ್ರಿಜ್ಜಿಗೆ ಎಷ್ಟು ಕರೆಂಟು ಎಂಬುದನ್ನು ಅಪ್ಪನಿಗಿಂತ ಚೆನ್ನಾಗಿ ಹೇಳಬಲ್ಲವಳು, ಅಂಗಡಿಯನ್ನು ತಾನೇ ನಡೆಸುತ್ತೇನೆಂದು ಹೇಳಿ, ಬಂದ ಎರಡು ಮದುವೆ ಸಂಬಂಧಗಳನ್ನು ಮುಂದಕ್ಕೆ ಹಾಕಿದ್ದವಳು.

ಬಂದ ಜನ ಫರಸಿಯ ಹೊಳಪು ಕಂಡು ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟರು. ರಾಜೇಸಾಬಣ್ಣನವರಿಗೆ ಅದು ಎಷ್ಟು ಹಿಡಿಸಿತೆಂದರೆ, ಬೇಡವೆನ್ನುವುದರ ಬದಲು ಚಪ್ಪಲಿಗೆಂದೇ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಇಟ್ಟರು. ನನಗೆ ಆಗಲೇ ಎದೆ ಚುರುಕ್ಕೆಂದಿತು. ಬರಿಗಾಲಲ್ಲಿ ಒಳಹೊಕ್ಕ ಮನುಷ್ಯ ಕೈಕಟ್ಟಿಕೊಂಡು ನೋಡುತ್ತಾನೆ, ದನಿ ಇಳಿಸಿ ಮಾತಾಡುತ್ತಾನೆ, ಗುಡಿಗೆ ಬಂದವನಂತೆ ಒಂದು ಸುತ್ತು ಹಾಕಿ ಹೊರಗೆ ಹೋಗುತ್ತಾನೆ. ಅವನು ಚೌಕಾಸಿ ಮಾಡುವುದುಂಟೆ?

ಕಳೆದ ಬೇಸಿಗೆಯ ಒಂದು ಸಂಜೆ ರಾಜೇಸಾಬಣ್ಣನವರು ನಮ್ಮ ಗೇಟಿನ ಬಳಿ ನಿಂತು ಹೇಳಿದರು. "ಲಗ್ನದ ಸಾಮಾನು ನಂಬಿ ನಿಂತೇನ್ರಿ ಅಕ್ಕೋರ. ಈ ಸೀಜನ್ ಕೈ ಬಿಡ್ತಂದ್ರ ಅಂಗಡಿ ಉಳಿಯಂಗಿಲ್ಲ. ಶಾಹೀನ್‌ಗ ಇನ್ನಾ ಹೇಳಿಲ್ಲ."

ಆಮೇಲೆ ನನಗೆ ಕಿಟಕಿ ಸಿನಿಮಾ ಆಗಿ ಉಳಿಯಲಿಲ್ಲ. ಒಬ್ಬೊಬ್ಬರು ಆ ಗಾಜಿನ ಮುಂದೆ ನಿಂತಾಗಲೂ ಒಲೆಯ ಮೇಲಿನ ಪಲ್ಯ ಮರೆತು ನಿಲ್ಲುತ್ತಿದ್ದೆ. ಒಳಗೆ ಹೋದವರು ಹೊರಗೆ ಬರುವಾಗ ಹಿಂದೆ ಡಬ್ಬಿ ಹೊತ್ತವರು ಬರುತ್ತಾರೋ ಇಲ್ಲವೋ ಎಂದು ಕಾಯುವುದು ಪರೀಕ್ಷೆಯ ಫಲಿತಾಂಶ ಕಾದಂತೆಯೇ. ಸುಳ್ಳೇಕೆ, ನನ್ನ ಮಕ್ಕಳ ಫಲಿತಾಂಶಕ್ಕೂ ನಾನು ಅಷ್ಟು ಕಾದವಳಲ್ಲ.

ಒಂದು ಮಧ್ಯಾಹ್ನ ಆಲಮೇಲದ ಕಡೆಯಿಂದ ಒಂದು ಮದುವೆಮನೆಯವರು ಬಂದರು. ಮುದುಕಿಯೊಬ್ಬಳು, ತಲೆಗೆ ಪಟಕಾ ಸುತ್ತಿದ ಸೋದರಮಾವ, ಮದುಮಗಳು. ಅವರ ಹಿಂದೆಯೇ ಸಾಮಾನು ಸಾಗಿಸುವ ಖಾಲಿ ಟಂಟಂ ಗಾಡಿ ಬಂದು ನಿಂತಿತು, ಸಾಮಾನು ಬಿಗಿಯುವ ಹಗ್ಗ ಅದರೊಳಗೆ ಸುರುಳಿಯಾಗಿ ಬಿದ್ದಿತ್ತು. ಗಾಡಿ ಜೊತೆಗೆ ತಂದವರು ನೋಡಿ ಹೋಗಲು ಬಂದವರಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದರು. ಗಾಜಿನಾಚೆ ಶಾಹೀನ್ ಫ್ರಿಜ್ಜು ತೆರೆದು ತೋರಿಸುವುದು ಕಂಡಿತು, ಟಿ.ವಿ. ಹಚ್ಚಿದ್ದು ಕಂಡಿತು, ಮದುಮಗಳು ಒಂದು ವಾಷಿಂಗ್ ಮಷೀನಿನ ಮುಚ್ಚಳವನ್ನು ಮೆಲ್ಲಗೆ ತೆಗೆದು ಹಾಕುತ್ತಿದ್ದದ್ದೂ ಕಂಡಿತು. ಆಮೇಲೆ ಮುದುಕಿ ಏನೋ ಕೇಳಿದಳು, ಶಾಹೀನ್ ಬೋರ್ಡಿನ ಕಡೆ ಕೈ ಮಾಡಿದಳು, ಮಾವ ಎದ್ದು ನಿಂತ.

ಅವರು ಹೊರಗೆ ಬಂದರು. ಬಾಗಿಲು ಅವರ ಹಿಂದೆ ಸದ್ದಿಲ್ಲದೆ ಮುಚ್ಚಿಕೊಂಡಿತು.

ಅವರು ಎಷ್ಟು ಅವಕಾಶ ಕೊಟ್ಟರೆಂಬುದು ನನಗೆ ಗೊತ್ತು. ಮಾವ ಒಂದೊಂದೇ ಚಪ್ಪಲಿಯನ್ನು ಎತ್ತಿ, ಇಲ್ಲದ ಧೂಳು ಕೊಡವಿ ಮೆಟ್ಟಿಕೊಂಡ. ಮುದುಕಿ ಮಂಡಿ ಹಿಡಿದು ಮೆಟ್ಟಿಲ ಮೇಲೆ ಕುಳಿತಳು. ಹುಡುಗಿ ಸೆರಗು ಸರಿಮಾಡಿಕೊಂಡಳು, ಮತ್ತೆ ಮಾಡಿಕೊಂಡಳು. ಟಂಟಂನವನೂ ಗಾಡಿ ಚಾಲೂ ಮಾಡಲಿಲ್ಲ. ಅವನೂ ಈ ನೆಲದವನೇ ತಾನೆ. ಗಾಜಿನ ಒಳಗೆ ರಾಜೇಸಾಬಣ್ಣನವರು ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ನಿಂತಿದ್ದರು. ಕರೀರಿ ಎಂದು ನಾನು ಇಲ್ಲಿ ಬಾಯೊಳಗೇ ಅಂದೆ. ನಾನೇ ಕೂಗಿಬಿಡಲೇ ಎಂದು ಕಿಟಕಿಯನ್ನೂ ತೆರೆದೆ, ಆದರೆ ಆ ಕರೆ ನನ್ನದಾಗಿರಲಿಲ್ಲ. ಹಿಡಿಕೆಯ ಮೇಲಿನ ಕೈ ಹಾಗೇ ಇತ್ತು. ಮುದುಕಿ ಎದ್ದಳು, ಗಾಡಿ ಚಾಲೂ ಆಯಿತು. ತಿರುವಿನಲ್ಲಿ ಮುದುಕಿ, ಶಾಸ್ತ್ರ ಮುರಿದು, ಒಮ್ಮೆ ತಿರುಗಿ ನೋಡಿದಳು.

"ಯಾಕ ಕರೀಲಿಲ್ರಿ?" ಎಂದು ಸಂಜೆ ನಾನು ಕೇಳಿಯೇ ಬಿಟ್ಟೆ.

"ಕರದು ಏನ್ ಹೇಳಲಿರಿ ಅಕ್ಕೋರ? ರೇಟ್ ಬೋರ್ಡಿನ್ಯಾಗ ಐತಿ. ಮತ್ತ ಇಂಥಾ ಬಾಗಲಾ ತಗದು ರಸ್ತೇದಾಗ ನಿಂತು ಒದರಿದ್ರ ಶೋರೂಮ್ ಅಂತಾರೇನ್ರಿ ಅದಕ್ಕ?"

ಏನಾದರೂ ಹೇಳಬಹುದಿತ್ತು, ಬಿಸಿಲಿದೆ, ನೀರು ಕುಡಿದು ಹೋಗಿ ಎಂದಾದರೂ ಅನ್ನಬಹುದಿತ್ತು ಎಂದು ನನಗನ್ನಿಸಿತು. ನಾಲ್ಕು ಕಾಸು ಕಡಿಮೆಯಾಗುವುದು ಯಾವಾಗಲೂ ನೆಪವೇ ಆಗಿತ್ತು. ಆದರೆ ಸೋಲುತ್ತಿರುವವರಿಗೆ ಪಾಠ ಹೇಳುವ ಮೇಷ್ಟ್ರಗಿತ್ತಿಯ ಚಟವನ್ನು ಆ ದಿನ ಹೇಗೋ ತಡೆದುಕೊಂಡೆ. ಆ ಮದುವೆಮನೆಯವರು ಇಂಡಿಯಲ್ಲಿ ಸಾಮಾನು ಕೊಂಡರೆಂದು ಆಮೇಲೆ ಸುದ್ದಿ ಬಂತು. ಅಲ್ಲಿ ಬೆಲೆ ಕಡಿಮೆ ಸಿಕ್ಕಿತೋ, ಯಾರಾದರೂ ರಸ್ತೆಗಿಳಿದು ಕರೆದರೋ, ನನಗೆ ತಿಳಿಯದು. ಕಾರಹುಣ್ಣಿಮೆಗೆ ಮೊದಲೇ ಗಾಜಿನ ಬಾಗಿಲಿಗೆ ಬೀಗ ಬಿತ್ತು. ಶಾಹೀನ್ ವಿಜಯಪುರದ ಒಂದು ದೊಡ್ಡ ಮಳಿಗೆಯಲ್ಲಿ ಕೆಲಸಕ್ಕೆ ಸೇರಿದಳು. ಹೋಗುವ ದಿನ ನಮ್ಮ ಮನೆಗೆ ಬಂದು ಕಾಲಿಗೆ ನಮಸ್ಕರಿಸಿ, ಅಪ್ಪನ ಮೇಲೆ ಒಂದು ಕಣ್ಣಿಡಿ ಎಂದಳು. ರಾಜೇಸಾಬಣ್ಣನವರು ಮಾತು ಕಡಿಮೆ ಮಾಡಿ, ಅಂಗಡಿ ಇಡುವ ಮೊದಲು ಹೊತ್ತು ತಿರುಗುತ್ತಿದ್ದ ರಿಪೇರಿ ಚೀಲವನ್ನೇ ಮತ್ತೆ ಹೆಗಲಿಗೇರಿಸಿದರು.

ಮೊನ್ನೆ ನಮ್ಮ ಮಿಕ್ಸರ್ ಕೆಮ್ಮಿ, ಗೊಣಗಿ, ಜಗಳಕ್ಕೆ ನಿಲ್ಲದೆ ಸುಮ್ಮನಾಯಿತು. ಅವರಿಗೇ ಹೇಳಿ ಕಳಿಸಿದೆ. ಬಂದು, ಬಿಚ್ಚಿ, ಏನೋ ಬದಲಿಸಿ ಕಟ್ಟಿಕೊಟ್ಟರು. ಶೇಂಗಾ ಹಾಕಿ ತಿರುಗಿಸಿದೆ, ಹದ ಬಂತು. ಎಷ್ಟಾಯಿತೆಂದು ಕೇಳಿದೆ, ಹೇಳಿದರು. ವಾಜಿಬೇ ಇತ್ತು, ಹೆಚ್ಚೇನೂ ಅಲ್ಲ. ಆದರೆ ಅತ್ತೆಯ ಮಿಕ್ಸರ್ ಮುಂದೆ ನಿಂತಾಗ ನನ್ನ ಬಾಯಿಗೆ ಅತ್ತೆ ಬಂದರೆಂದು ಕಾಣುತ್ತದೆ.

"ಅಯ್ಯ, ಇಷ್ಟಕ್ಕ ಅಷ್ಟ್ಯಾಕ್ರಿ? ಅರ್ಧಾ ಹಿಡೀರಿ," ಎಂದೆ ನಗುತ್ತ.

ಅವರು ನಗಲಿಲ್ಲ. "ಬ್ಯಾಡ ಬಿಡ್ರಿ," ಎಂದು ಚೀಲ ಎತ್ತಿಕೊಂಡು ಮೆಟ್ಟಿಲಿಳಿದರು.

ಎಲ್ಲವನ್ನೂ ಕಳೆದುಕೊಂಡ ಮನುಷ್ಯನೊಂದಿಗೆ ಇಂಥ ತಮಾಷೆಯೇ? ಕಿಟಕಿಗೆ ಓಡಿದೆ. ಅವರು ಗೇಟಿನ ಬಳಿ ಚಪ್ಪಲಿ ಮೆಟ್ಟುತ್ತಿದ್ದರು, ಒಂದಾದ ಮೇಲೆ ಒಂದು. ಧೂಳು ಹಿಡಿದ ಆ ಗಾಜಿನ ಬಾಗಿಲ ಮುಂದೆಯೇ ನಡೆದರು, ಅತ್ತ ನೋಡಲಿಲ್ಲ, ಹಿಂದಕ್ಕೂ ನೋಡಲಿಲ್ಲ. ಬೆನ್ನು ನೆಟ್ಟಗಿತ್ತು. ಬಳೆಗಾರನ ಅಂಗಡಿ ದಾಟಿದರು. ಬೇವಿನ ಮರದ ಕೆಳಗೆ ನಿಂತು, ಒಂದು ಕಾಲೆತ್ತಿ, ಅಂಗಾಲು ನೋಡಿಕೊಳ್ಳತೊಡಗಿದರು.

ಆಗ ತಿಳಿಯಿತು. ಕಣ್ಣಲ್ಲಿ ನೀರು ಬಂತು, ಬರಲಿ ಎಂದು ಬಿಟ್ಟೆ. ಚಪ್ಪಲಿಯನ್ನೂ ಹುಡುಕದೆ ಮೆಟ್ಟಿಲಿಳಿದು ರಸ್ತೆಗೆ ಓಡಿ, ಶಾಲೆಯ ಮೈದಾನದಲ್ಲಿ ಕೂಗುವ ದನಿಯಲ್ಲಿ, ಬಜಾರಿಗೆಲ್ಲ ಕೇಳುವಂತೆ ಕರೆದೆ.

"ರಾಜೇಸಾಬಣ್ಣಾ, ಬರ್ರಿ ಇಲ್ಲಿ. ಸಿಟ್ಟಾಗಿ ಹ್ವಾದ್ರ ಹ್ಯಾಂಗ?"

ನನ್ನ ಮಾತು ಮುಗಿಯುವುದರೊಳಗೆ ಅವರು ತಿರುಗಿದ್ದರು. ಮೇಲೆ ಬಂದು, ಚೀಲವನ್ನು ಮಿಕ್ಸರಿನ ಪಕ್ಕಕ್ಕೆ ಇಳಿಸಿ, ಜಾರಿನ ಹಿಂಡಿಯಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಗೋಡೆಗೊರಗಿ ಆರಾಮಾಗಿ ಕುಳಿತರು.

"ಹೂಂ, ಹೇಳ್ರಿ ಅಕ್ಕೋರ," ಎಂದರು. "ಎಷ್ಟು ಕೊಡ್ತೀರಿ?"